ಮಂಗಳವಾರ ಒಂದೂವರೆಗೆ ಕಾಂಟ್

ಅಮೆರಿಕದ ಯಾವುದೇ ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ನಿಂತು ನೋಡಿ. ತಟ್ಟೆಗೆ ಪುಳಿಯೋಗರೆ ಬೀಳುವ ಮೊದಲು ಕಿವಿಗೆ ಪ್ರಶ್ನೆ ಬೀಳುತ್ತದೆ: "ಮಗಳು ಏನು ಓದ್ತಿದಾಳೆ?" "ಪ್ರೀ-ಮೆಡ್" ಅಂದರೆ ಮುಗಿಯಿತು. ಕೇಳಿದವರು ಗೌರವದಿಂದ ತಲೆಯಾಡಿಸಿ ಕೋಸಂಬರಿಯ ಕಡೆ ತಿರುಗುತ್ತಾರೆ. ಪ್ರೀ-ಮೆಡ್ ಅಂದರೆ ಏನು ಅಂತ ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದರೆ ಹೇಳುವುದೂ ಕಷ್ಟವೇ. ಇಲ್ಲಿನ ಬಹುಪಾಲು ವಿಶ್ವವಿದ್ಯಾಲಯಗಳಲ್ಲಿ ಆ ಹೆಸರಿನ ಡಿಗ್ರಿಯೇ ಇಲ್ಲ. ಅದಕ್ಕೊಂದು ಕಟ್ಟಡವಿಲ್ಲ, ಅದನ್ನು ಪಾಠ ಮಾಡುವ ಮೇಷ್ಟ್ರಿಲ್ಲ. "ಮುಂದೆ ಮೆಡಿಕಲ್ ಸ್ಕೂಲಿಗೆ ಅರ್ಜಿ ಹಾಕೋಣ ಅಂತಿದೀನಿ" ಎಂದು ಹದಿನೆಂಟರ ಮಗು ಬಾಯಿಬಿಟ್ಟು ಹೇಳಿದ ಕ್ಷಣದಿಂದ ಅದು ಪ್ರೀ-ಮೆಡ್. ಬರೀ ಇರಾದೆಗೇ ಇಷ್ಟು ಮರ್ಯಾದೆ ಸಿಗುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇದು ನಮ್ಮ ತಲೆಮಾರಿನ ತಲೆಗೆ ಹೋಗದಿರುವುದಕ್ಕೆ ಕಾರಣವಿದೆ. ನಾವು ಪಿಸಿಎಂಬಿ ಜನ. ಸೆಕೆಂಡ್ ಪಿಯುಸಿ, ಸಿಇಟಿ, ರ‍್ಯಾಂಕು, ಕೌನ್ಸೆಲಿಂಗು, ಸೀಟು. ಸೀಟು ಸಿಕ್ಕವರು ಇಂಟರ್ನ್‌ಷಿಪ್ ಸೇರಿ ಐದೂವರೆ ವರ್ಷಕ್ಕೆ ಎಂಬಿಬಿಎಸ್. ಸಿಗದವರು ಎಂಜಿನಿಯರಿಂಗ್ ಸೇರಿ, ಸಾಫ್ಟ್‌ವೇರ್ ಕಲಿತು, ಎಚ್-1ಬಿ ವೀಸಾ ಹಿಡಿದು ನ್ಯೂಜೆರ್ಸಿಗೆ ಬಂದು, ತಮಗೆ ತಪ್ಪಿದ ಸೀಟಿನಲ್ಲಿ ಮಕ್ಕಳನ್ನು ಕೂರಿಸಲು ನೋಡುವವರು. ನಮ್ಮ ಯಜಮಾನರು ಈ ಎರಡನೇ ಪಂಗಡ. ಬಯಾಲಜಿಯಲ್ಲಿ ಎರಡು ಮಾರ್ಕ್ಸ್ ಜಾಸ್ತಿ ಬಂದಿದ್ದರೆ ತಾವೂ ಡಾಕ್ಟರೇ ಎಂದು ಇವತ್ತಿಗೂ ಹೇಳುತ್ತಾರೆ. ನಮ್ಮ ಅತ್ತೆಯವರ ಲೆಕ್ಕದಲ್ಲಿ ಅದು ಇಪ್ಪತ್ತು. ಈ ವ್ಯಾಜ್ಯ ಇನ್ನೂ ಇತ್ಯರ್ಥವಾಗಿಲ್ಲ.

ಈ ದೇಶದಲ್ಲಿ ಹದಿನೆಂಟಕ್ಕೆ ಸೀಟು ಸಿಗುವವರು ವಿರಳ. ಮೊದಲು ನಾಲ್ಕು ವರ್ಷದ ಒಂದು ಡಿಗ್ರಿ, ಅದು ಯಾವುದಾದರೂ ಸರಿ. ಆಮೇಲೆ ನಾಲ್ಕು ವರ್ಷ ಎಂಡಿ. ಆಮೇಲೆ ರೆಸಿಡೆನ್ಸಿ, ಯಾವ ವಿಭಾಗ ಅನ್ನುವುದರ ಮೇಲೆ ಮೂರರಿಂದ ಏಳು ವರ್ಷ. ಮೊದಲ ನಾಲ್ಕು ವರ್ಷ ಮಗು ಡಾಕ್ಟರಾಗುತ್ತದೋ ಇಲ್ಲವೋ ಬ್ರಹ್ಮನಿಗೂ ಗೊತ್ತಿರುವುದಿಲ್ಲ. ಸೀಟಿಲ್ಲದೆ ನಿಂತೇ ಪ್ರಯಾಣ ಮಾಡುವ ಆ ನಾಲ್ಕು ವರ್ಷಗಳಲ್ಲಿ ತಂದೆತಾಯಿಗೆ ಬರುವ ರಕ್ತದೊತ್ತಡಕ್ಕೆ ಇನ್ನೂ ಯಾವ ಮೆಡಿಕಲ್ ಸ್ಕೂಲೂ ವಿಭಾಗ ತೆರೆದಿಲ್ಲ.

ಇಂಥ ಹೊತ್ತಿನಲ್ಲಿ, ಥ್ಯಾಂಕ್ಸ್‌ಗಿವಿಂಗ್ ರಜಕ್ಕೆ ಬಂದ ಮಗಳು ಬಿಸಿಬೇಳೆ ಬಾತಿಗೆ ಬೂಂದಿ ಉದುರಿಸಿಕೊಳ್ಳುತ್ತಾ, "ನಾನು ಡಬಲ್ ಮೇಜರ್ ಮಾಡ್ತಿದೀನಿ" ಅಂದಳು.

ಇವರ ಮುಖ ಅರಳಿತು. ಡಬಲ್ ಅಂದರೆ ಎರಡರಷ್ಟು. "ಬಯಾಲಜಿ ಜೊತೆ ಇನ್ನೇನು? ಕೆಮಿಸ್ಟ್ರಿಯಾ?"

"ಫಿಲಾಸಫಿ."

ಬೂಂದಿ ಡಬ್ಬದ ಮುಚ್ಚಳ ಹಾಕಿದ ಸದ್ದು ಬಿಟ್ಟರೆ ಮನೆಯಲ್ಲಿ ಇನ್ನೇನೂ ಕೇಳಿಸಲಿಲ್ಲ.

ಬೇರೆ ಅಪ್ಪಂದಿರಾಗಿದ್ದರೆ ಕೂಗಾಡುತ್ತಿದ್ದರು. ನಮ್ಮವರು ಪ್ರಾಜೆಕ್ಟ್ ಮ್ಯಾನೇಜರು, ಎಕ್ಸೆಲ್ ತೆರೆದರು. ಡಿಗ್ರಿಗೆ 120 ಕ್ರೆಡಿಟ್. ಮೆಡಿಕಲ್ ಸ್ಕೂಲು ಕೇಳುವ ಕೋರ್ಸುಗಳು ಬೇರೆ: ಬಯಾಲಜಿ, ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್ ಒಂದೊಂದು ವರ್ಷ, ಎಲ್ಲದಕ್ಕೂ ಲ್ಯಾಬು; ಜೊತೆಗೆ ಬಯೋಕೆಮಿಸ್ಟ್ರಿ, ಸ್ಟ್ಯಾಟಿಸ್ಟಿಕ್ಸ್, ಇಂಗ್ಲಿಷ್. ಬಯಾಲಜಿ ಮೇಜರಿನಲ್ಲಿ ಇವು ಬಹಳಷ್ಟು ಹೇಗೂ ಬರುತ್ತವೆ. ಫಿಲಾಸಫಿಯ ಕೋರ್ಸುಗಳಲ್ಲಿ ಇದ್ಯಾವುದೂ ಬರುವುದಿಲ್ಲ, ಅಷ್ಟೂ ಮೇಲುಹೊರೆ. ಇವರು ಒಂದೊಂದು ಸೆಮಿಸ್ಟರಿಗೂ ಒಂದೊಂದು ಬಣ್ಣ ಬಳಿದರು. ಎಲ್ಲಿ ಎರಡು ತರಗತಿ ಒಂದೇ ಹೊತ್ತಿಗೆ ಬರುತ್ತವೋ ಅಲ್ಲಿ ಕೆಂಪು. ರಾತ್ರಿ ಹನ್ನೊಂದಕ್ಕೆ ನನ್ನನ್ನು ಕರೆದು ತೋರಿಸಿದರು. ಆರ್ಗ್ಯಾನಿಕ್ ಕೆಮಿಸ್ಟ್ರಿ ಲ್ಯಾಬು ಮಂಗಳವಾರ ಮಧ್ಯಾಹ್ನ ಒಂದೂವರೆಗೆ. ಇಮ್ಯಾನುಯೆಲ್ ಕಾಂಟನೂ ಮಂಗಳವಾರ ಮಧ್ಯಾಹ್ನ ಒಂದೂವರೆಗೇ.

"ನೋಡು, ಈ ಮನುಷ್ಯ ಇನ್ನೂರು ವರ್ಷದ ಹಿಂದೆ ಸತ್ತಿದಾನೆ, ಬುಧವಾರ ಬರೋಕೇನಂತೆ ಇವನಿಗೆ?" ಅಂದರು. ಆ ನೋವು ನಿಜವಾದದ್ದು.

ಮಗಳ ಪರವಾಗಿ ಒಂದು ಮಾತು ಹೇಳಬೇಕು. ಅವಳು ಜಗಳ ಆಡಲಿಲ್ಲ. ಆಗಲೇ ಲಾಜಿಕ್ ಕೋರ್ಸು ಮುಗಿಸಿದ್ದಳು, ಜಗಳದ ಅಗತ್ಯವಿರಲಿಲ್ಲ. "ಇವತ್ತು ಫಿಲಾಸಫಿ ಅಂತೀಯ, ನಾಳೆ ಮೆಡಿಕಲ್ ಬೇಡ ಅಂತೀಯ, ನಾಡಿದ್ದು ಗಿಟಾರ್ ಹಿಡ್ಕೊಂಡು ಕ್ಯಾಲಿಫೋರ್ನಿಯಾಗೆ ಹೋಗ್ತೀಯ" ಎಂದು ಅಪ್ಪ ಅಂದರೆ, ಇಂಥ ವಾದದಲ್ಲಿ ಒಂದು ಮೆಟ್ಟಿಲಿಗೂ ಇನ್ನೊಂದಕ್ಕೂ ನಡುವೆ ಪುರಾವೆ ಎಲ್ಲಿ ಎಂದು ಶಾಂತವಾಗಿ ಕೇಳುತ್ತಿದ್ದಳು. "ಎಡಿಸನ್‌ನಲ್ಲಿ ನಮ್ಮ ಸ್ನೇಹಿತರ ಮಗ ಬರೀ ಬಯಾಲಜಿ ಮಾಡಿ ಸೀಟು ತಗೊಂಡ" ಅಂದರೆ, "ಅಪ್ಪ, ಒಂದೇ ಉದಾಹರಣೆ ಸಾಲದು" ಅನ್ನುತ್ತಿದ್ದಳು. ಸೆಮಿಸ್ಟರಿಗೆ ಅಷ್ಟೊಂದು ಫೀಸು ಕಟ್ಟಿ, ನಾವು ಆಡಿದ ಮಾತನ್ನು ನಮ್ಮ ಊಟದ ಮೇಜಿನ ಮೇಲೇ ಬಿಚ್ಚಿ ಹರಡುವ ವಿದ್ಯೆ ಕಲಿಸಿದ್ದೆವು. ಶವಚ್ಛೇದನಕ್ಕೆ ಮೊದಲ ಹೆಣ ನಮ್ಮ ವಾದವೇ.

ಮೇಲ್ಮನವಿ ಹಾಸನಕ್ಕೆ ಹೋಯಿತು. ನಮ್ಮ ಮಾವನವರು ನಿವೃತ್ತ ಹೈಸ್ಕೂಲ್ ಹೆಡ್‌ಮಾಸ್ಟರು. ವಾಟ್ಸಾಪ್ ವಿಡಿಯೋದಲ್ಲಿ ಅವರ ಹಣೆ ಮತ್ತು ಫ್ಯಾನು ಮಾತ್ರ ಕಾಣಿಸುತ್ತದೆ. ಆ ಹಣೆ ಕೇಳಿತು: "ಎರಡೂ ಸೇರಿದ್ರೆ ಒಂದು ಎಂಬಿಬಿಎಸ್ ಆಗುತ್ತಾ?"

"ಇಲ್ಲ ತಾತ. ಎರಡೂ ಮುಗಿಸಿ ಆಮೇಲೆ ಮೆಡಿಕಲ್ ಸ್ಕೂಲು."

ಹಣೆಯ ಮೇಲೆ ಗೆರೆಗಳು ಮೂಡಿದವು. ಹದಿನೆಂಟು, ಅದಕ್ಕೆ ನಾಲ್ಕು, ಇನ್ನು ನಾಲ್ಕು, ಕಡಿಮೆಯೆಂದರೆ ಮೂರು. "ಇಪ್ಪತ್ತೊಂಬತ್ತು! ಅಷ್ಟೊತ್ತಿಗೆ ನಮ್ಮ ಎದುರು ಮನೆ ಹುಡುಗ ನರ್ಸಿಂಗ್ ಹೋಮ್ ಕಟ್ಟಿಸಿ ಮಾರಿರ್ತಾನೆ."

ಫ್ಯಾನಿನ ಆಚೆಯಿಂದ ಅತ್ತೆಯವರ ದನಿ ಬಂತು: "ಫಿಲಾಸಫಿ ಓದೋಕೆ ಅಮೆರಿಕ ಯಾಕಂತೆ? ಇಲ್ಲಿಗೆ ಕಳಿಸಿ, ಮಠದಲ್ಲಿ ಎರಡು ಹೊತ್ತು ಊಟ ಹಾಕಿ ಹೇಳಿಕೊಡ್ತಾರೆ."

ಮಾವನವರಿಗೆ ಮಾತ್ರ ಮೂಲ ಬೇಕಿತ್ತು. ಡಾಕ್ಟರಾಗೋಕೆ ಮುಂಚೆ ಡಿಗ್ರಿ ಓದಿಸುವ ಈ ಏರ್ಪಾಡು ಮಾಡಿದ ಪುಣ್ಯಾತ್ಮ ಯಾರು? ಮಗಳಿಗೆ ಗೊತ್ತಿತ್ತು. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ 1893ರಲ್ಲಿ ಮೆಡಿಕಲ್ ಸ್ಕೂಲು ತೆರೆದಾಗಲೇ ಡಿಗ್ರಿ ಕೇಳಿತು. ಆಗ ಈ ದೇಶದ ಎಷ್ಟೋ ವೈದ್ಯಕೀಯ ಶಾಲೆಗಳಲ್ಲಿ ಫೀಸು ಕಟ್ಟಿದವರೆಲ್ಲ ವೈದ್ಯರಾಗುತ್ತಿದ್ದರು. 1910ರಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ಎಂಬಾತ ಅಮೆರಿಕ ಮತ್ತು ಕೆನಡಾದ ಅಂಥ ಶಾಲೆಗಳನ್ನೆಲ್ಲ ಸುತ್ತಿ ಬಂದು ವರದಿ ಬರೆದ. ಕಳಪೆ ಶಾಲೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಕೆಮಿಸ್ಟ್ರಿ, ಬಯಾಲಜಿ, ಫಿಸಿಕ್ಸ್ ಬರದವನು ಒಳಗೆ ಬರಬಾರದು ಎಂಬ ರೂಢಿ ಬಲವಾಯಿತು.

"ದೊಡ್ಡ ಡಾಕ್ಟರಿರಬೇಕು" ಅಂದರು ಮಾವ.

"ಡಾಕ್ಟರೇ ಅಲ್ಲ ತಾತ. ಸ್ಕೂಲ್ ನಡೆಸ್ತಿದ್ದ ಮೇಷ್ಟ್ರು. ಕಾಲೇಜಲ್ಲಿ ಓದಿದ್ದು ಗ್ರೀಕು, ಲ್ಯಾಟಿನ್ನು."

ಫೋನು ಅಲುಗಾಡಿತು. ಮೊದಲ ಸಲ ಮಾವನವರ ಪೂರ್ತಿ ಮುಖ ಕಾಣಿಸಿತು. "ಮೇಷ್ಟ್ರಾ? ಹಾಗಾದ್ರೆ ಯೋಚನೆ ಮಾಡಿಯೇ ಮಾಡಿರ್ತಾನೆ."

ಅಲ್ಲಿಂದ ಹಾಸನದ ಪೀಠ ಮಗಳ ಕಡೆ ವಾಲಿತು. ಮರುದಿನ ಮಾವನವರು ತಾವಾಗಿ ಫೋನು ಮಾಡಿ ಇವರಿಗೆ ಪಾಠ ತೆಗೆದುಕೊಂಡರು. ರಾಶಿ ಅಂದರೆ ಯಾರು ಅಂದುಕೊಂಡಿದ್ದೀಯ, ಡಾ. ಎಂ. ಶಿವರಾಂ, ಬೆಂಗಳೂರಿನಲ್ಲಿ ರೋಗಿಗಳನ್ನು ನೋಡಿಕೊಂಡೇ 1942ರಿಂದ 'ಕೊರವಂಜಿ' ಹಾಸ್ಯಪತ್ರಿಕೆ ನಡೆಸಿದರು, ಆರ್. ಕೆ. ಲಕ್ಷ್ಮಣ್ ಚಿಕ್ಕ ವಯಸ್ಸಿನಲ್ಲಿ ಅದಕ್ಕೆ ಚಿತ್ರ ಬರೆದವರು. ಅನುಪಮಾ ನಿರಂಜನ ಡಾಕ್ಟರಾಗಿಯೇ ಅಷ್ಟು ಕಾದಂಬರಿ ಬರೆದರು. ಡಾಕ್ಟರ ತಲೆಯಲ್ಲಿ ಇನ್ನೊಂದು ವಿಷಯಕ್ಕೆ ಜಾಗ ಇರಬೇಕಪ್ಪ, ಇಲ್ಲದಿದ್ರೆ ರೋಗಿ ಕೂತ್ಕೊಂಡು ಏನು ಮಾತಾಡೋದು? ಇವರು ಸುಮ್ಮನಿರದೆ ವಿವೇಕ್ ಮೂರ್ತಿಯವರನ್ನು ಎಳೆದು ತಂದರು. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಮನೆತನ, ಅಮೆರಿಕದ ಸರ್ಜನ್ ಜನರಲ್ ಆದವರು, ಹಾರ್ವರ್ಡಿನಲ್ಲಿ ಓದಿದ್ದು ಬಯೋಕೆಮಿಸ್ಟ್ರಿ ಕಡೆಯದ್ದು, ತತ್ತ್ವಶಾಸ್ತ್ರ ಅಲ್ಲ. "ಯೇಲ್‌ನಲ್ಲಿ ಎಂಡಿ ಜೊತೆ ಎಂಬಿಎನೂ ಮಾಡಿದ್ರಲ್ಲಪ್ಪ, ಅದೂ ಡಬಲ್ಲೇ" ಅಂದಳು ಮಗಳು. ಹಲ್ಲೆಗೆರೆಯೂ ಕೈಬಿಟ್ಟಿತು.

ಕೊನೆಯ ಆಸರೆ ಕನ್ನಡ ಕೂಟ. ಅಲ್ಲಿ ಒಬ್ಬ ಹಿರಿಯ ಹೃದ್ರೋಗ ತಜ್ಞರಿದ್ದಾರೆ. ಅಮೆರಿಕದ ವಲಸೆ ಕಾನೂನು 1965ರಲ್ಲಿ ಬದಲಾಗಿ ಡಾಕ್ಟರುಗಳಿಗೆ ಬಾಗಿಲು ತೆರೆದ ಮೇಲೆ ಮೈಸೂರು ಮೆಡಿಕಲ್ ಕಾಲೇಜಿನಿಂದ ಬಂದ ಪೈಕಿ. ಅಡ್ಮಿಷನ್ ಸಮಿತಿಯಲ್ಲಿ ಕೂತು ಅಭ್ಯಾಸವಿರುವವರು. ಇವರು ಅವರ ಪಕ್ಕದಲ್ಲೇ ಎಲೆ ಹಿಡಿದು ಕೂತು ವಿಷಯ ತೆಗೆದರು. ಅವರು ಮಜ್ಜಿಗೆಹುಳಿ ಕಲಸುತ್ತಲೇ ಹೇಳಿದರು: "ಮೇಜರ್ ಯಾವುದಾದ್ರೇನ್ರೀ? ನಾವು ಅದನ್ನ ಕೇಳೋದೇ ಇಲ್ಲ. ಬೇಕಾದ ಕೋರ್ಸು ಮಾಡಿರಬೇಕು, ಮಾರ್ಕ್ಸ್ ಇರಬೇಕು. ಬಯಾಲಜಿ ಮೇಜರ್ರೇ ಬೇಕು ಅಂತ ಯಾರು ಹೇಳಿದ್ದು ನಿಮಗೆ?"

ಯಾರೂ ಹೇಳಿರಲಿಲ್ಲ. ಅಮೆರಿಕದ ಮೆಡಿಕಲ್ ಕಾಲೇಜುಗಳ ಸಂಘ ಪ್ರತಿವರ್ಷ ಪ್ರಕಟಿಸುವ ಪಟ್ಟಿ ತೆರೆದು ನೋಡಿದರೆ ಸಾಕಿತ್ತು. ಸಾಹಿತ್ಯ, ತತ್ತ್ವಶಾಸ್ತ್ರ, ಇತಿಹಾಸ ಓದಿ ಅರ್ಜಿ ಹಾಕುವವರು ಸಂಖ್ಯೆಯಲ್ಲಿ ಕಡಿಮೆ, ಆದರೆ ಹಾಕಿದವರಲ್ಲಿ ಸೀಟು ಪಡೆಯುವವರ ಪ್ರಮಾಣ ಬಯಾಲಜಿಯವರಿಗಿಂತ ಕಡಿಮೆಯೇನಿಲ್ಲ. ನ್ಯೂಯಾರ್ಕಿನ ಮೌಂಟ್ ಸೈನಾಯ್ 1987ರಷ್ಟು ಹಿಂದೆಯೇ ಇಂಥವರನ್ನು ಎಂಸಿಎಟಿ ಎಂಬ ಮೆಡಿಕಲ್ ಪ್ರವೇಶ ಪರೀಕ್ಷೆ ಕೂಡ ಇಲ್ಲದೆ ಸೇರಿಸಿಕೊಳ್ಳುವ ದಾರಿ ಮಾಡಿತ್ತು. ಮಗಳು ಬರೀ ಫಿಲಾಸಫಿ ಓದಿ, ಬೇಕಾದ ವಿಜ್ಞಾನದ ಕೋರ್ಸುಗಳನ್ನಷ್ಟೇ ಮಾಡಿದ್ದರೂ ಸಾಕಿತ್ತು. ಎಕ್ಸೆಲ್‌ನಲ್ಲಿ ಕೆಂಪು ಎಷ್ಟೋ ಕಡಿಮೆಯಾಗುತ್ತಿತ್ತು.

ಕಾರಿನಲ್ಲಿ ಇವರು ಅವಳಿಗೆ ಫೋನು ಹಚ್ಚಿದರು. "ಹಾಗಾದ್ರೆ ಬಯಾಲಜಿ ಮೇಜರ್ ಯಾಕೆ ತಗೊಂಡೆ?"

"ನಿಮಗೋಸ್ಕರ ಅಪ್ಪ. ಕೂಟದಲ್ಲಿ ಹೇಳೋಕೆ ಒಂದು ಬೇಕಲ್ಲ."

ನಾನು ನಕ್ಕುಬಿಟ್ಟೆ, ಇವರು ಎಕ್ಸಿಟ್ ತಪ್ಪಿಸಿದರು. ಆಮೇಲೆ ಸುತ್ತ ನೋಡಿದೆ. ನಮ್ಮವರ ಮಕ್ಕಳಲ್ಲಿ ಡಬಲ್ ಮೇಜರ್ ಎಷ್ಟಿವೆ! ನ್ಯೂರೋಸೈನ್ಸ್ ಮತ್ತು ಸಂಗೀತ, ಬಯೋಕೆಮಿಸ್ಟ್ರಿ ಮತ್ತು ಫ್ರೆಂಚ್. ಅರ್ಧ ಮನೆಗಳಲ್ಲಿ ಮೊದಲನೆಯದು ಅಪ್ಪ ಅಮ್ಮನಿಗೆ, ಎರಡನೆಯದು ಮಗುವಿಗೆ. ಕಾಲೇಜಿನ ರಿಜಿಸ್ಟ್ರಾರ್ ಆಫೀಸಿನಲ್ಲಿ ರಿಜಿಸ್ಟರ್ ಆಗುತ್ತಿರುವುದು ಮನೆಮನೆಯ ರಾಜಿ ಒಪ್ಪಂದ. ನನ್ನನ್ನು ಕೇಳಿದರೆ ಎರಡು ಮೇಜರಿನಿಂದ ಮೆಡಿಕಲ್ ಸೀಟಿಗೆ ನಯಾಪೈಸೆ ಉಪಯೋಗವಿಲ್ಲ. ಹೊರೆ ಜಾಸ್ತಿಯಾಗಿ ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಒಂದು ಸಿ ಗ್ರೇಡ್ ಬಂದರೆ ನಷ್ಟವೇ. ಅರ್ಜಿಯಲ್ಲಿ ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಗಣಿತದ ಸರಾಸರಿಯನ್ನು ಬೇರೆಯಾಗಿ ತೆಗೆಯುತ್ತಾರೆ. ಅಲ್ಲಿ ಕಾಂಟ್ ಬಂದು ಕೈಹಿಡಿಯುವುದಿಲ್ಲ. ಓದುವ ಆಸೆಯಿದ್ದರೆ ಓದಲಿ, ಲಾಭದ ಲೆಕ್ಕ ಹಾಕಿ ಬೇಡ.

ಇವರಿಗೆ ಲೆಕ್ಕವಿಲ್ಲದೆ ನಿದ್ದೆ ಬರುವುದಿಲ್ಲ. ಎಂಸಿಎಟಿಯನ್ನು ಅಗೆದರು. ಬಿಡುವು ಸೇರಿ ಏಳೂವರೆ ಗಂಟೆಯ ಪರೀಕ್ಷೆ, ನಾಲ್ಕು ಭಾಗ, ಹೆಚ್ಚೆಂದರೆ 528 ಅಂಕ. ಅದರಲ್ಲಿ ಒಂದು ಭಾಗಕ್ಕೆ ವಿಜ್ಞಾನವೇ ಬೇಡ: ತತ್ತ್ವಶಾಸ್ತ್ರ, ಕಲೆ, ಇತಿಹಾಸ, ಸಮಾಜದ ಬಗ್ಗೆ ಪುಟಗಟ್ಟಲೆ ಕೊಟ್ಟು, ಓದಿ ಅರ್ಥಮಾಡಿಕೊಂಡು 90 ನಿಮಿಷದಲ್ಲಿ 53 ಪ್ರಶ್ನೆಗೆ ಉತ್ತರಿಸಬೇಕು. ಬಯಾಲಜಿ ಅರೆದು ಕುಡಿದ ಮಕ್ಕಳು ತೊಡರಿ ಬೀಳುವುದು ಇಲ್ಲೇ ಅಂತೆ. ಇವರು ನನ್ನನ್ನು ಎಬ್ಬಿಸಿ ಹೇಳಿದರು: "ಫಿಲಾಸಫಿ ಅಂದ್ರೆ ಅದಕ್ಕೆ ಕೋಚಿಂಗ್ ಕ್ಲಾಸು ಕಣೇ!" ಮುಂದಿನ ಕೂಟದಲ್ಲಿ ಇನ್ನೊಬ್ಬರ ಮಗನಿಗೆ ಫಿಲಾಸಫಿ ತೆಗೆದುಕೊಳ್ಳಲು ಶಿಫಾರಸು ಮಾಡುತ್ತಿದ್ದುದನ್ನು ನಾನೇ ಕೇಳಿಸಿಕೊಂಡೆ. ಆ ಹುಡುಗನಿಗೆ ಬೇಕಾಗಿದ್ದದ್ದು ಗಿಟಾರ್.

ಈಗ ಅರ್ಜಿಯ ಕಾಲ. ಡಿಗ್ರಿ ಮುಗಿದ ಮೇಲೆ ಒಂದು ವರ್ಷ ಬಿಡುವು ತೆಗೆದುಕೊಳ್ಳುತ್ತಾಳಂತೆ. ಈಗ ಮೆಡಿಕಲ್ ಸೇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹಾಗೇ ಮಾಡುವುದು. ಇದನ್ನು ಹಾಸನಕ್ಕೆ ಇನ್ನೂ ತಿಳಿಸಿಲ್ಲ. ಅರ್ಜಿಯಲ್ಲಿ, ಮಾಡಿದ ಘನಕಾರ್ಯಗಳಲ್ಲಿ ಹೆಚ್ಚೆಂದರೆ ಹದಿನೈದನ್ನು ಪಟ್ಟಿ ಮಾಡಬೇಕು, ಒಂದೊಂದಕ್ಕೆ 700 ಅಕ್ಷರ. ಅವಳ ಭರತನಾಟ್ಯ ರಂಗಪ್ರವೇಶಕ್ಕೆ ನಾವು ಹಾಲ್ ಹಿಡಿದಿದ್ದೆವು, ಬೆಂಗಳೂರಿನಿಂದ ಮೃದಂಗದವರನ್ನು ಕರೆಸಿದ್ದೆವು, ಬಂದವರಿಗೆಲ್ಲ ಬಾಳೆಲೆ ಊಟ ಹಾಕಿದ್ದೆವು. ಅಷ್ಟೂ 700 ಅಕ್ಷರದಲ್ಲಿ, ನಡುವಿನ ಖಾಲಿ ಜಾಗವೂ ಲೆಕ್ಕಕ್ಕೆ. ಕೇಟರಿಂಗ್ ಬಿಲ್ಲೇ ಅದಕ್ಕಿಂತ ಉದ್ದವಿತ್ತು.

ಅದಕ್ಕಿಂತ ಕಷ್ಟ, ನಾನೇಕೆ ಡಾಕ್ಟರಾಗಬೇಕು ಎಂದು 5,300 ಅಕ್ಷರದೊಳಗೆ ಬರೆಯುವ ಪ್ರಬಂಧ. ಅವಳ ಜೊತೆಯವರೆಲ್ಲ ಅಜ್ಜಿಯ ಕ್ಯಾನ್ಸರ್, ತಾತನ ಹೃದಯಾಘಾತ ಬರೆಯುತ್ತಿದ್ದಾರೆ. ನಮ್ಮ ಮನೆಯಲ್ಲಿ ದೇವರ ದಯೆಯಿಂದ ಅಂಥದ್ದೇನೂ ಆಗಿಲ್ಲ. ಮೊನ್ನೆ ಸಂಕೋಚದಿಂದಲೇ ಹಾಸನಕ್ಕೆ ಫೋನು ಮಾಡಿ, "ತಾತ, ನಿಮಗೆ ಯಾವತ್ತಾದ್ರೂ ಸೀರಿಯಸ್ಸಾಗಿ ಏನಾದ್ರೂ ಆಗಿತ್ತಾ?" ಎಂದು ಕೇಳಿದಳು.

ಹಣೆ ಯೋಚಿಸಿತು. ಮೊಮ್ಮಗಳ ಭವಿಷ್ಯದ ಪ್ರಶ್ನೆ. "ಬಿಪಿ ಇದೆ, ಬರ‍್ಕೋ. ಸಾಲ್ದು ಅಂದ್ರೆ ಮಂಡಿನೋವು ಸೇರಿಸ್ಕೋ. ಎಪ್ಪತ್ತೆಂಟರಲ್ಲಿ ಟೈಫಾಯ್ಡ್ ಆಗಿತ್ತು, ಆ ಡಾಕ್ಟ್ರು ತುಂಬಾ ಒಳ್ಳೆಯವರು, ಬೇಕಾದ್ರೆ ಸಾಯೋ ಹಾಗಿದ್ದೆ ಅಂತ್ಲೇ ಹಾಕು. ಮೂಲವ್ಯಾಧಿ ವಿಷಯ ಮಾತ್ರ ಬರೀಬೇಡಮ್ಮ, ಕಮಿಟಿಯೋರೆಲ್ಲ ಓದ್ತಾರೆ."