ಕರೆಯುವ ಮಾತಿನಲ್ಲೇ ಕಥೆ

ಬೇಲಿಯಾಚೆ ಹಪ್ಪಳ ಒಣಹಾಕುತ್ತಿದ್ದ ಅಕ್ಕಾರು ನಿನ್ನೆ ಕೇಳಿದರು: “ಈ ಟೀವ್ಯಾಗಿನ ರಾಜರು ಹೆಂಡ್ತಿಗಿ ‘ದೇವಿ’ ಅಂತಾರ, ಮಗಗ ‘ಕುಮಾರಾ’ ಅಂತಾರ. ಹಿಂದಿನವ್ರು ಮನ್ಯಾಗ ಖರೇನ ಹಂಗ ಮಾತಾಡ್ತಿದ್ರೇನ್ರಿ?”

ಮನೆಯ ಮಾತು ಬಿಡಿ, ಆಟದ ಮಾತು ನಮಗೆ ಹೊಸದಲ್ಲ. ಗುಡಿ ಮುಂದೆ ದೊಡ್ಡಾಟ ನೋಡುತ್ತ ಬೆಳೆದವರು ನಾವು. ರಾಜ ರಂಗಕ್ಕೆ ಬಂದ ಕೂಡಲೇ ಕಥೆ ಶುರುವಾಗುವುದಿಲ್ಲ. ‘ತಾವು ಧಾರು?’ ಎಂದು ಸಾರಥಿ ಕೇಳಬೇಕು, ರಾಜ ತನ್ನ ಹೆಸರು, ನಾಡು ಹೇಳಬೇಕು. ಮುಂದೆ ದೂತನಿಗೆ ‘ಎಲೈ’, ರಾಣಿಗೆ ‘ಪ್ರಾಣಕಾಂತೆ’, ವೈರಿಗೆ ‘ಎಲವೋ ಮೂಢಾ’. ಯಾರು ಯಾರನ್ನು ಏನೆಂದು ಕರೆದರು ಎಂಬುದು ಕಿವಿಗೆ ಬಿದ್ದರೆ ಅರ್ಧ ಕಥೆ ತಿಳಿದಂತೆಯೇ.

ಒಂದು ವರ್ಷದ ಆಟ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ರಾಜನ ವೇಷ ಕೂಲಿಯ ಹುಡುಗನದು, ಸಾರಥಿ ಅವನು ದುಡಿಯುವ ಹೊಲದ ಧಣಿಯ ಮಗ. ಹಗಲೆಲ್ಲ ‘ಲೇ’ ಅನ್ನಿಸಿಕೊಳ್ಳುವವನಿಗೆ ಅಂದು ಬೆಳತನಕ ‘ರಾಜಾಧಿರಾಜಾ’. ಮರುದಿನ ಹತ್ತಿ ಹೊಲದಲ್ಲಿ ಅವನನ್ನು ಕರೆಯಲು ಧಣಿಯ ಮಗ ಬಾಯಿ ತೆರೆದ. ‘ಲೇ’ ಬರಲಿಲ್ಲ, ಹೆಸರು ಹಿಡಿದು ಕರೆದ. ಅಷ್ಟು ಕೆಲಸ ಒಂದು ರಾತ್ರಿಯ ಮಾತು ಮಾಡಿತ್ತು.

ರಾಜರಾಣಿಯರ, ಮಾಯಾಲೋಕದ ಕಥೆ ಬರೆಯುವ ಹುಡುಗರಿಗೆ ನಾನು ಹೇಳುವುದು ಇದನ್ನೇ. ಸಾಲಿಗೊಂದು ‘ಪ್ರಭು’ ಸುರಿದರೆ ಅರಮನೆ ಏಳುವುದಿಲ್ಲ. ಕರೆಯುವ ಮಾತು ಎಲ್ಲಿ ಬದಲಾಯಿತು, ಎಲ್ಲಿ ಬದಲಾಗದೆ ಉಳಿಯಿತು, ಕಥೆ ಇರುವುದು ಅಲ್ಲಿ. ಏಕವಚನವೆಂದರೆ ಅಗೌರವ ಎಂದೂ ತಿಳಿಯಬೇಡಿ. ನಮ್ಮ ಮುದನೂರಿನ ವಚನಕಾರ ದಾಸಿಮಯ್ಯ ತನ್ನ ದೇವರು ರಾಮನಾಥನನ್ನು ‘ನೀನು’ ಎಂದೂ ಮಾತಾಡಿಸಿದವನು.

ಸುರಪುರದ್ದೇ ನೋಡಿ. ರಾಜಾ ವೆಂಕಟಪ್ಪ ನಾಯಕ ಇನ್ನೂ ಹುಡುಗ. ಸಂಸ್ಥಾನ ನೋಡಿಕೊಳ್ಳಲು ಬ್ರಿಟಿಷರು ಕಳಿಸಿದ ಮೆಡೋಸ್ ಟೇಲರ್‌ನನ್ನು ಅವನು ‘ಅಪ್ಪಾ’ ಎನ್ನುತ್ತಿದ್ದ. 1858ರಲ್ಲಿ ಅದೇ ಬ್ರಿಟಿಷರ ಮೇಲೆ ಬಂಡೆದ್ದು ಸೆರೆಯಾದ. ನೋಡಲು ಬಂದ ಟೇಲರ್‌ನನ್ನು ಆಗಲೂ ‘ಅಪ್ಪಾ’ ಎಂದೇ ಕರೆದ. ಟೇಲರ್ ತನ್ನ ಆತ್ಮಕಥೆಯಲ್ಲಿ ಇದನ್ನು ಬರೆದಿಟ್ಟಿದ್ದಾನೆ. ರಾಜ್ಯ ಹೋಗಿತ್ತು, ಆ ಕರೆ ಉಳಿದಿತ್ತು.

ಇದನ್ನೆಲ್ಲ ಕೇಳಿ ಅಕ್ಕಾರು ಸುಮ್ಮನಾದರು. ಆಮೇಲೆ ಬೀದಿಯಲ್ಲಿ ಆಡುತ್ತಿದ್ದ ಮೊಮ್ಮಗನ ಕಡೆ ತಿರುಗಿ ಕೂಗಿದರು: “ಯಪ್ಪಾ, ಬಿಸಲಾಗ ನಿಂದ್ರಬ್ಯಾಡ, ಉಣ್ಣಾಕ ಬಾರೋ!”