ಫೌಂಡರ್ ಸಾಹೇಬರು

ಗಾಂಧಿ ಬಜಾರಿನ ಆಸುಪಾಸಿನ ಯಾವುದಾದರೂ ದರ್ಶಿನಿಗೆ ಸಂಜೆ ಐದರ ಮೇಲೆ ಹೋಗಿ, ಅವರು ಸಿಗುತ್ತಾರೆ. ಖಾದಿ ಜುಬ್ಬಾ, ಜೀನ್ಸು, ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗು. ಒಂದು ಕೈಯಲ್ಲಿ ಬೈಟು ಕಾಫಿ ಹಿಡಿದು ಇನ್ನೊಂದರಲ್ಲಿ ಪಿಪಿಟಿ ತೋರಿಸುವ ವಿದ್ಯೆ ಅವರಿಗೆ ಕರಗತ. ವಿಸಿಟಿಂಗ್ ಕಾರ್ಡಿನಲ್ಲಿ ‘ಫೌಂಡರ್ ಅಂಡ್ ಸಿಇಒ’ ಎಂದಿದೆ. ಕಂಪನಿ ಇನ್ನೂ ಸ್ಥಾಪನೆಯಾಗಿಲ್ಲ. ಸ್ಥಾಪಕರು ಮಾತ್ರ ಆಗಿಬಿಟ್ಟಿದ್ದಾರೆ.

ಉದ್ದೇಶ ದೊಡ್ಡದು: ಯುವ ಸಂಗೀತಗಾರರ ಉದ್ಧಾರ. ಮೊದಲ ಸ್ಲೈಡಿನಲ್ಲಿ ವೀಣೆಯ ಬುರುಡೆಯಿಂದ ಮೈಕು ಮೊಳೆತಿರುವ ಲೋಗೊ. ಡಿಸೈನರ್‌ಗೆ ಮುಂಗಡ ಕೊಟ್ಟು ಮಾಡಿಸಿದ್ದು. ನೀಲಿಯಲ್ಲಿ ‘ಎನರ್ಜಿ’ ಸಾಲದೆಂದು ಕೇಸರಿಗೆ, ಕೇಸರಿಯಲ್ಲಿ ರಾಜಕೀಯ ಕಾಣುತ್ತದೆಂದು ನೇರಳೆಗೆ ಬಂದು ನಿಂತಿದೆ. ಆಮೇಲೆ ಸ್ಟುಡಿಯೋ, ಪಾಡ್‌ಕಾಸ್ಟು, ಲೇಬಲ್ಲು, ವರ್ಷದ ಕೊನೆಗೊಂದು ಫೆಸ್ಟಿವಲ್ಲು. ಆಮೇಲೆ ನೆಲದಲ್ಲಿ ಹುಟ್ಟಿ ಸೂರು ಮುಟ್ಟುವ ಒಂದು ಗ್ರಾಫು.

ನನಗೆ ಇಷ್ಟವಾದದ್ದು ಬಜೆಟ್ ಸ್ಲೈಡು. ಕ್ಯಾಮೆರಾ, ಲೈಟು, ಸೋಷಿಯಲ್ ಮೀಡಿಯಾ ನೋಡಿಕೊಳ್ಳುವವರು, ಆಫೀಸಿನ ಒಳಾಂಗಣ, ಕೂರಲು ಬೀನ್‌ಬ್ಯಾಗು, ಎಲ್ಲಕ್ಕೂ ಲಕ್ಷದ ಲೆಕ್ಕವಿದೆ. ಕಟ್ಟಕಡೆಗೆ ‘ಆರ್ಟಿಸ್ಟ್: ಎಕ್ಸ್‌ಪೋಷರ್’. ಅದರೆದುರು ಸೊನ್ನೆ.

ನಾನು ಪಿಪಿಟಿ ನೋಡಿದ ದಿನ ಮೃದಂಗ ನುಡಿಸುವ ಹುಡುಗನೊಬ್ಬ ಪಕ್ಕದಲ್ಲಿ ನಿಂತಿದ್ದ. ಹನುಮಂತನಗರದ ಪಿಜಿಯಿಂದ ವಾದ್ಯ ಹೊತ್ತು ಬಂದವನು. ಬಹಳ ಸಂಕೋಚದಿಂದ ಕೇಳಿದ:

“ಸಾರ್, ಶೂಟಿಂಗಿಗೆ ಬರೋಕೆ ಆಟೋ ಚಾರ್ಜು...”

“ಬ್ರದರ್, ಈ ವಯಸ್ಸಲ್ಲಿ ದುಡ್ಡಿನ ಮೇಲೆ ಗಮನ ಇಟ್ರೆ ಕಲೆ ಬೆಳೆಯಲ್ಲ,” ಎಂದು ಸಾಹೇಬರು ಮುಂದಿನ ಸ್ಲೈಡಿಗೆ ಹೋದರು. ಮುಂದಿನ ಸ್ಲೈಡು ‘ನಮ್ಮ ಆದಾಯ’ ಎಂಬುದಾಗಿತ್ತು.

ಯೂಟ್ಯೂಬ್ ಚಾನೆಲ್ಲೂ ಇದೆ. ಉದ್ದದ ವಿಡಿಯೋ ನಂಬಿದವರಿಗೆ ಜಾಹೀರಾತಿನ ಪಾಲು ಬರಬೇಕಾದರೆ 1,000 ಚಂದಾದಾರರು, 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಆಗಬೇಕು. ಸದ್ಯ ಚಂದಾದಾರರೆಲ್ಲ ಹೆಂಡತಿ ಕಡೆಯವರು. ಇರುವ ಒಂದೇ ವಿಡಿಯೋದಲ್ಲಿ ಸಾಹೇಬರು ತಮ್ಮ ಕನಸನ್ನು ವಿವರಿಸುತ್ತಾರೆ. ಸಂಗೀತ ಹಿನ್ನೆಲೆಯಲ್ಲೂ ಇಲ್ಲ.

ಕೋಟೆ ಹೈಸ್ಕೂಲು ಮೈದಾನದ ರಾಮೋತ್ಸವ ಕಂಡರೆ ಅವರಿಗೆ ಕನಿಕರ. ಶ್ರೀರಾಮಸೇವಾ ಮಂಡಳಿ 1939ರಿಂದ ಕಛೇರಿ ನಡೆಸುತ್ತ ಬಂದಿದೆ, ಎಂ.ಎಸ್. ಸುಬ್ಬುಲಕ್ಷ್ಮಿಯವರು ಹಾಡಿದ ಚಪ್ಪರ ಅದು. “ಎಲ್ಲಾ ಸರಿ, ಆದ್ರೆ ಸ್ಕೇಲ್ ಆಗ್ಲಿಲ್ಲ ನೋಡಿ, ಪಾಪ,” ಎನ್ನುತ್ತಾರೆ.

ನಗುತ್ತ ಕೂರಬಹುದಿತ್ತು, ಅವರ ಬ್ಯಾಗಿನಲ್ಲಿ ಕರಾರುಪತ್ರ ಇಲ್ಲದಿದ್ದರೆ. ಯಾವುದೋ ಪರದೇಶದ ಮಾದರಿಯಿಂದ ಇಳಿಸಿಕೊಂಡದ್ದು. ಹುಡುಗ ಕಟ್ಟಿದ ಹಾಡಿನ ಮೇಲೆ ‘ಸಮಸ್ತ ವಿಶ್ವದಲ್ಲಿ, ಶಾಶ್ವತವಾಗಿ’ ಹಕ್ಕು ಕಂಪನಿಗೇ. ಮಂಗಳ ಗ್ರಹದಲ್ಲಿ ಯಾರಾದರೂ ಗುನುಗಿದರೂ ಗಾಂಧಿ ಬಜಾರಿಗೆ ದುಡ್ಡು ಬರಬೇಕು. ರಾಯಧನವನ್ನು ಪೂರ್ತಿ ಬಿಟ್ಟುಕೊಟ್ಟಿದ್ದೇನೆ ಎಂಬ ಸಾಲು ಬೇರೆ. ಅದು ನಡೆಯುವುದಿಲ್ಲ. 2012ರ ಕಾಪಿರೈಟ್ ತಿದ್ದುಪಡಿ ಬಂದಮೇಲೆ ಹಾಡು ಬರೆದವರು, ಸ್ವರ ಹಾಕಿದವರು ಹಕ್ಕು ಮಾರಿಕೊಂಡರೂ ರಾಯಧನದ ಸಮಪಾಲು ಅವರದೇ. ಬೇಡ ಎಂದು ಸಹಿ ಮಾಡಿಸಿಕೊಂಡರೂ ಆ ಮಾತು ಊರ್ಜಿತವಲ್ಲ. ಕರಾರಿನಲ್ಲಿ ಅವಧಿಯೇ ಬರೆದಿಲ್ಲವೆಂದರೆ 5 ವರ್ಷ, ಪ್ರದೇಶ ಬರೆದಿಲ್ಲವೆಂದರೆ ಭಾರತ ಮಾತ್ರ ಎಂದೂ ಕಾಯ್ದೆಯಲ್ಲಿದೆ. ರಾಯಧನ ವಸೂಲಿ ಮಾಡಿ ಸದಸ್ಯರಿಗೆ ಹಂಚಲು ಐಪಿಆರ್‌ಎಸ್ ಎಂಬ ಸಂಸ್ಥೆ 1969ರಿಂದಲೇ ಇದೆ. ಯುವ ಸಂಗೀತಗಾರರನ್ನು ಉದ್ಧಾರ ಮಾಡುವ ಪಿಪಿಟಿಯಲ್ಲಿ ಇದಕ್ಕೊಂದು ಸ್ಲೈಡು ಇರಬೇಕಿತ್ತು. ಬೀನ್‌ಬ್ಯಾಗಿಗೆ ಎರಡಿವೆ.

ಹಾಗಂತ ಅವರು ಕೆಟ್ಟವರೇನಲ್ಲ. ಹಾಡು ಕೇಳಿದರೆ ಕಣ್ಣು ತುಂಬಿಕೊಳ್ಳುತ್ತಾರೆ, ತಲೆದೂಗುತ್ತಾರೆ, ತಾಳ ಮಾತ್ರ ತಪ್ಪುತ್ತದೆ.

ನಿಮ್ಮ ಮನೆಯಲ್ಲಿ ಹಾಡುವ, ನುಡಿಸುವ ಮಕ್ಕಳಿದ್ದರೆ ಸಾಹೇಬರು ಸಿಕ್ಕೇ ಸಿಗುತ್ತಾರೆ. ಮಾತಾಡಿಸಿ, ಪಿಪಿಟಿ ಪೂರ್ತಿ ನೋಡಿ, ಚೆನ್ನಾಗಿರುತ್ತದೆ. ಸಹಿಯನ್ನು ಮಾತ್ರ ಕಾಗದ ಮನೆಗೆ ತಂದು ಓದಿದ ಮೇಲೆ ಹಾಕಿಸಿ. ಮತ್ತೆ ದರ್ಶಿನಿಯಲ್ಲಿ ಟೋಕನ್ ತಗೊಳ್ಳುವಾಗ ಅವರನ್ನೇ ಮುಂದೆ ಬಿಡಿ.