ಮತ್ಸ್ಯಶರೀರಾಂತರ್ಗತ ಜಲ-ಲವಣ ವ್ಯವಹಾರ: ಒಂದು ಬಹುಶಿಸ್ತೀಯ ಮರುಚಿಂತನೆ

ಪ್ರಸ್ತುತ ಪ್ರಬಂಧದ ಪರಿಕಲ್ಪನಾತ್ಮಕ ನೆಲೆಗಟ್ಟು ಇಷ್ಟು: ಮೀನು ನೀರಿನಲ್ಲಿದೆ. (ಈ ಕುರಿತು ವಿದ್ವಾಂಸರಲ್ಲಿ ಒಮ್ಮತವಿದೆ.) ನೀರು ಮೀನಿನೊಳಗೂ ಇದೆ. ಒಳಗಿನ ಉಪ್ಪು ಹೊರಗಿನ ಉಪ್ಪಿಗೆ ಸರಿಹೊಂದದ್ದರಿಂದ ಉದ್ಭವಿಸುವ ಅಭಿಸರಣಾತ್ಮಕ ಬಿಕ್ಕಟ್ಟಿನ ನಿರ್ವಹಣೆಯನ್ನು ನಾಲ್ಕು ಪ್ರವರ್ಗಗಳಾಗಿ ವಿಂಗಡಿಸಬಹುದಾಗಿದೆ.

ಪ್ರವರ್ಗ 1: ಜಲಪಾನವಿಮುಖ ಬಹುಮೂತ್ರಿಗಳು. ಅರ್ಥಾತ್, ಕೆರೆಯ ಕಾಟ್ಲಾ, ರೋಹು. ಇವುಗಳ ರಕ್ತ ಕೆರೆಯ ನೀರಿಗಿಂತ ಉಪ್ಪು. ಹಾಗಾಗಿ ನೀರು ಕರೆಯದೆಯೇ ಕಿವಿರಿನ ಮೂಲಕ ಒಳನುಗ್ಗುತ್ತದೆ. ಇವು ಕುಡಿಯುವುದು ಇಲ್ಲವೆನ್ನುವಷ್ಟು ಕಡಿಮೆ, ಮೂತ್ರ ಮಾತ್ರ ಧಾರಾಳ. ಅದರೊಡನೆ ಹೋದ ಉಪ್ಪನ್ನು ಕಿವಿರಿನ ಕೋಶಗಳು ನೀರಿನಿಂದಲೇ ಹೆಕ್ಕಿಕೊಳ್ಳುತ್ತವೆ.

ಪ್ರವರ್ಗ 2: ಲವಣಾಂಬುಪಾಯಿ ಮಿತಮೂತ್ರಿಗಳು. ಬಂಗುಡೆ, ಭೂತಾಯಿ ಇತ್ಯಾದಿ. ಕಡಲಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಇವುಗಳ ರಕ್ತದಲ್ಲಿ ಹೆಚ್ಚುಕಡಿಮೆ ಅದರ ಮೂರನೇ ಒಂದು ಪಾಲು. ಮೈಯ ನೀರು ಸದಾ ಹೊರಗೆ ಸೋರುತ್ತದೆ. ಪಾಪ, ಕಡಲಲ್ಲೇ ಇದ್ದು ಬಾಯಾರಿಕೆ! ಕಡಲನ್ನೇ ಕುಡಿದು, ಹೆಚ್ಚಿನ ಉಪ್ಪನ್ನು ಕಿವಿರಿನಿಂದ ಆಚೆ ತಳ್ಳುತ್ತವೆ. 1930ರಲ್ಲಿ ಶರೀರವಿಜ್ಞಾನಿ ಹೋಮರ್ ಸ್ಮಿತ್ ಇದನ್ನು ಬರೆದಾಗ ಯಾವ ಉದ್ಘಾಟಕರೂ ದೀಪ ಬೆಳಗಿದಂತೆ ಕಾಣುವುದಿಲ್ಲ.

ಪ್ರವರ್ಗ 3: ಯೂರಿಯಾ ದಾಸ್ತಾನುದಾರರು. ಶಾರ್ಕ್, ತೊರಕೆ. ರಕ್ತದ ತುಂಬ ಯೂರಿಯಾ ಇಟ್ಟುಕೊಂಡು ಕಡಲಿಗೆ ಸರಿಸಮ ನಿಲ್ಲುತ್ತವೆ. ಸೊಸೈಟಿಯಲ್ಲಿ ಇಲ್ಲದಾಗಲೂ ಇವುಗಳಲ್ಲಿ ಸ್ಟಾಕ್ ಇರುತ್ತದೆ.

ಪ್ರವರ್ಗ 4... ಸಾಕು ಬಿಡಿ, ಪ್ರವರ್ಗ. ಇದು ಅಳಿವೆಯ ಮೀನು. ಕುರುಡಿಯನ್ನೇ ನೋಡಿ: ಮೊಟ್ಟೆಯಿಡಲು ಉಪ್ಪುನೀರು ಬೇಕು, ಮರಿ ಬೆಳೆಯಲು ಹೊಳೆಯೂ ಆದೀತು. ಉಪ್ಪು ಹೆಕ್ಕುತ್ತಿದ್ದ ಕಿವಿರು ಕೆಲವೇ ದಿನಗಳಲ್ಲಿ ಉಪ್ಪು ಹೊರಹಾಕುವ ಕಿವಿರಾಗಿ ಬದಲಾಗುತ್ತದೆ. ಇದಕ್ಕೆ ಶಕ್ತಿ ಖರ್ಚಾಗುತ್ತದೆ; ಪುಕ್ಕಟೆಯಲ್ಲ.

ಇಷ್ಟು ನಾಜೂಕಾದ ಲೆಕ್ಕ ನಡೆಯುವ ಅಳಿವೆಗೆ ಬರುವ ಹೊಳೆನೀರಿನ ಬಗ್ಗೆ ಎಸಿ ಸಭಾಂಗಣದಲ್ಲಿ ಶಾಲು ಹೊದ್ದವರು ಏನನ್ನುತ್ತಾರೆ? 'ಸಮುದ್ರ ಸೇರಿ ವ್ಯರ್ಥವಾಗುವ ನೀರು'! ಎತ್ತಿನಹೊಳೆ ಯೋಜನೆಯ ಕಾಗದದಲ್ಲಿ ನೇತ್ರಾವತಿಯ ಕವಲುಗಳಿಂದ ಬಯಲುಸೀಮೆಗೆ ತಿರುಗಿಸಬೇಕಾದದ್ದು 24.01 ಟಿಎಂಸಿ. ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ, ಅದನ್ನು ಅಣಕಿಸುವಷ್ಟು ಕಟುಕ ನಾನಲ್ಲ. ಆದರೆ 'ವ್ಯರ್ಥ' ಎಂಬುದು ಹಸಿ ಸುಳ್ಳು. ಹೊಳೆ ತರುವ ಸಿಹಿನೀರು, ಗೋಡು, ಪೋಷಕಾಂಶ ಇವೇ ಅಳಿವೆಯ ಅನ್ನ. ಮೀನು ತನ್ನ ರಕ್ತದ ಉಪ್ಪನ್ನು ಸರಿಪಡಿಸಿಕೊಂಡೀತು. ಬಾರದ ಹೊಳೆಯನ್ನು ಎಲ್ಲಿಂದ ತಂದೀತು?

ಮುಂದಿನ ಸಭೆಯಲ್ಲಿ ಯಾರಾದರೂ ಆ ಮಾತೆತ್ತಿದರೆ, ಓದುಗರೇ, ದಯವಿಟ್ಟು ಎದ್ದು ನಿಂತು ಕೇಳಿ: ಸ್ವಾಮಿ, ಅಳಿವೆಗೆ ಎಷ್ಟು ನೀರು ಬೇಕೆಂದು ಅಳೆದಿದ್ದೀರಾ?